ಬಾಬ್ತಿಲ್ಲದ ಪಾಠ: ಸರ್ಕಾರಿ ಶಾಲೆ, ಕಲೆ ಮತ್ತು ಅನುದಾನ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿ ಬಂತು. ಅಲ್ಲಿನ ಸುತ್ತಲ ಹಳ್ಳಿಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಕಾರ್ಡುಗಳ ಮೂಲಕ ಕಲಿಸುತ್ತಿದ್ದರು. ಅದನ್ನು ಕಣ್ಣಾರೆ ನೋಡಿ ಬರುವುದಕ್ಕಾಗಿ ಈ ಪ್ರಯಾಣ. ಖರ್ಚಿಗೆ ನೆರವಾದದ್ದು ಯುನಿಸೆಫ್. ನೋಡಿ ಬಂದವರು ಕೈಕಟ್ಟಿ ಕೂರಲಿಲ್ಲ. ಕೋಟೆ ಸೀಮೆಯ ಮಕ್ಕಳ ಬಾಯಿಗೆ ಒಗ್ಗುವ ಹಾಡು, ಕಥೆ, ಒಗಟು, ಆಟ, ಚಿತ್ರಗಳನ್ನು ಕಲೆಹಾಕಿದರು. ಅಕ್ಷರವನ್ನೂ ಲೆಕ್ಕವನ್ನೂ ಅವುಗಳೊಳಗೆ ಸೇರಿಸಿ ತಾವೇ ಕಾರ್ಡುಗಳನ್ನು ಬರೆದರು, ತಿದ್ದಿದರು, ಮಕ್ಕಳ ಮುಂದಿಟ್ಟು ನೋಡಿ ಮತ್ತೆ ತಿದ್ದಿದರು. ಇದೇ ನಲಿ–ಕಲಿ. 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ಇದು ವಿಸ್ತರಿಸಿತು, ಆಮೇಲೆ 3ನೇ ತರಗತಿಗೂ ಬಂತು. ಈಗ ಬೀದರಿನ ಮಗುವೂ ಕಲಿಕೆಯ ಏಣಿಯ ಮೆಟ್ಟಿಲು ಹತ್ತುತ್ತಾ ಕಲಿಯುತ್ತದೆ, ತಟ್ಟೆಯ ಸುತ್ತ ಗುಂಪಾಗಿ ಕೂರುತ್ತದೆ, ತಾನು ಬಿಡಿಸಿದ ಚಿತ್ರವನ್ನು ತರಗತಿಯ ಚಪ್ಪರಕ್ಕೆ ನೇತುಹಾಕುತ್ತದೆ. ಇದರ ತವರು ಕೋಟೆ ಬಳಿಯ ಹ್ಯಾಂಡ್‌ಪೋಸ್ಟಿನ ಸುತ್ತಮುತ್ತಲ ಊರುಗಳು ಎಂಬುದು ನಮ್ಮ ಕಡೆಯ ಎಷ್ಟೋ ಜನಕ್ಕೇ ಗೊತ್ತಿಲ್ಲ.

ಸರ್ಕಾರಿ ಶಾಲೆಯಲ್ಲಿ ಕಲೆ ಮತ್ತು ಮಾನವಿಕ ವಿಷಯಗಳ ಕಲಿಕೆಗೆ ಅನುದಾನ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ಆ ಹಣದಲ್ಲಿ ಕಟ್ಟಡ ಏಳಲಿಲ್ಲ, ಗೋಡೆಗೆ ಟಿವಿ ಬರಲಿಲ್ಲ. ಅದು ಕೊಂಡದ್ದು ಶಿಕ್ಷಕರ ದಿನಗಳನ್ನು: ಹೋಗಿ ಬರುವ ದಿನ, ಕೂತು ಮಾತಾಡುವ ದಿನ, ಕಾಗದ–ಬಣ್ಣ ಹರಡಿಕೊಂಡು ತಪ್ಪು ಮಾಡುವ ದಿನ. ಸುತ್ತೋಲೆ ಪಾಲಿಸುತ್ತಿದ್ದ ಮೇಷ್ಟ್ರು ಪಾಠ ಕಟ್ಟುವವರಾದರು. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಹಾಡು ಸಿಕ್ಕಿತು.

ಕಥೆಯ ಇನ್ನೊಂದು ಅರ್ಧವನ್ನೂ ಹೇಳಬೇಕು. ಯೋಜನೆ ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಒಂದೇ ಕಡೆ ಅಚ್ಚಾಗಿ ಪೆಟ್ಟಿಗೆಯಲ್ಲಿ ಬರತೊಡಗಿದವು. ಬರೆಯುವವರ ಸಂಖ್ಯೆ ಸಣ್ಣದಾಯಿತು, ಬಳಸುವವರ ಸಂಖ್ಯೆ ದೊಡ್ಡದಾಯಿತು. ಕರಾವಳಿಯ ಮಗುವಿಗೂ ಬಯಲುಸೀಮೆಯ ಮಗುವಿಗೂ ಒಂದೇ ಕಾರ್ಡು. ಲಕ್ಷಾಂತರ ಮಕ್ಕಳನ್ನು ಮುಟ್ಟಬೇಕಾದಾಗ ಇದು ಅನಿವಾರ್ಯ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಚ್ಚಿಗೆ ಹಣ ಒದಗಿದ ಮೇಲೆ ಶಿಕ್ಷಕರು ಕೂತು ಪಾಠ ಕಟ್ಟುವ ದಿನಗಳಿಗೆ ಹಣ ಒದಗಿಸುವುದನ್ನು ನಾವು ಮರೆತೆವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈಗ ಬೇರೆ ತಾಲ್ಲೂಕುಗಳಾಗಿರುವ ಸರಗೂರು ಮತ್ತು ಸಾಲಿಗ್ರಾಮ, ಇಲ್ಲೆಲ್ಲ ಇವತ್ತಿನ ಕೊರತೆಯ ಬೇರು ಈ ಮರೆವಿನಲ್ಲಿದೆ ಎಂಬುದು ನನ್ನ ನಂಬಿಕೆ.

ಅನುದಾನ ಎಂಬ ಮಾತಿಗೇ ನಮ್ಮಲ್ಲಿ ಎರಡು ಅರ್ಥ. ಖಾಸಗಿ ಪ್ರೌಢಶಾಲೆಯೊಂದಕ್ಕೆ ‘ಅನುದಾನ ಆಯ್ತು’ ಎಂದರೆ ಊರವರಿಗೆ ಅರ್ಥವಾಗುವುದು ಒಂದೇ: ಮೇಷ್ಟ್ರಿಗೆ ಇನ್ನು ಸರ್ಕಾರದ ಸಂಬಳ. ಇದರ ಮೂಲ 1854ರ ವುಡ್ ವರದಿಯ ಕಾಲದ್ದು. ಶಾಲೆ ನಡೆಸುವವರಿಗೆ ಸರ್ಕಾರ ನೆರವು ಕೊಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಸರ್ಕಾರಿ ಶಾಲೆಯಲ್ಲಿ ಮಾತ್ರ ಅನುದಾನವೆಂದರೆ ವರ್ಷಕ್ಕೊಮ್ಮೆ ಬರುವ, ಮಾರ್ಚ್ ಒಳಗೆ ಮುಗಿಸಬೇಕಾದ, ವೋಚರ್ ಹಚ್ಚಿ ಬಳಕೆ ಪ್ರಮಾಣಪತ್ರ ಕೊಡಬೇಕಾದ ದುಡ್ಡು. ಮೊದಲ ಅರ್ಥದಲ್ಲಿ ಮನುಷ್ಯ ಇದ್ದಾನೆ, ಎರಡನೆಯದರಲ್ಲಿ ಸಾಮಾನು.

ಇನ್ನೂ ಹಿಂದಕ್ಕೆ ಹೋದರೆ ಮೈಸೂರು ಸಂಸ್ಥಾನದಲ್ಲಿ ಒಬ್ಬ ಮನುಷ್ಯ ಸಿಗುತ್ತಾನೆ, ಬಿ.ಎಲ್. ರೈಸ್. 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟದ್ದು ಶಿಕ್ಷಣ ಇಲಾಖೆಯಲ್ಲಿದ್ದ ಈತನೇ. ಇದೇ ರೈಸ್ ಊರೂರಿನ ಕಲ್ಲಿನ ಬರಹಗಳನ್ನು ಓದಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ತಂದ. 1898ರಲ್ಲಿ ಬಂದ 4ನೇ ಸಂಪುಟದಲ್ಲಿ ಹೆಗ್ಗಡದೇವನಕೋಟೆ ಮತ್ತು ಹುಣಸೂರು ತಾಲ್ಲೂಕುಗಳ ಶಾಸನಗಳಿವೆ. ಹಳ್ಳಿಗೆ ಶಾಲೆ ಬೇಕೆಂದ ಕೈಯೇ ಹಳ್ಳಿಯ ಚರಿತ್ರೆಯನ್ನೂ ಕಲೆಹಾಕಿತು. ಆದರೂ ಆ ಎರಡೂ ಇಂದಿಗೂ ಒಂದನ್ನೊಂದು ಸೇರಿಲ್ಲ. ತನ್ನೂರ ಕೆರೆ ಏರಿಯ ಮೇಲಿನ ವೀರಗಲ್ಲಿನಲ್ಲಿ ಏನು ಕೆತ್ತಿದೆ ಎಂದು 7ನೇ ತರಗತಿಯ ಮಗುವಿಗೆ ತೋರಿಸಿ ಹೇಳುವ ಪಾಠಕ್ಕೆ ಯಾವ ಬಾಬ್ತಿನಲ್ಲೂ ದುಡ್ಡಿಲ್ಲ.

ಬಾಬ್ತು ಎಂದೆ. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಈ ಪದದ ಭಾರ ಚೆನ್ನಾಗಿ ಗೊತ್ತು. 2018ರಲ್ಲಿ ಸಮಗ್ರ ಶಿಕ್ಷಣ ಅಭಿಯಾನ ಬಂದ ಮೇಲೆ ಶಾಲೆಗೆ ಬರುವ ಹಣ ಮುಖ್ಯವಾಗಿ ಕೆಲವೇ ಬಾಬ್ತುಗಳಲ್ಲಿ ಬರುತ್ತದೆ. ಒಂದು, ಶಾಲಾ ಸಂಯುಕ್ತ ಅನುದಾನ, ಮಕ್ಕಳ ಸಂಖ್ಯೆಗೆ ತಕ್ಕಂತೆ. ನಮ್ಮ ಕಡೆ ಸಾಮಾನ್ಯವಾದ 60 ಮಕ್ಕಳ ಶಾಲೆಯನ್ನೇ ತೆಗೆದುಕೊಳ್ಳಿ: ನಿಯಮದ ಪ್ರಕಾರ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10, ಅಂದರೆ 2,500, ಸ್ವಚ್ಛತೆಗೆ ಮೀಸಲು. ಉಳಿದ 22,500ರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಕರೆಂಟು, ಕೆಟ್ಟ ನಲ್ಲಿ, ಸೋರುವ ಹಂಚು, ಸುಣ್ಣಬಣ್ಣ, ರಾಷ್ಟ್ರೀಯ ಹಬ್ಬಗಳ ಖರ್ಚು. ಎರಡನೆಯದು ಗ್ರಂಥಾಲಯ ಅನುದಾನ, ಪ್ರಾಥಮಿಕಕ್ಕೆ 5,000 ರೂಪಾಯಿವರೆಗೆ, 8ನೇ ತರಗತಿವರೆಗಿನ ಶಾಲೆಗೆ 13,000 ರೂಪಾಯಿವರೆಗೆ. ಮೂರನೆಯದು ಕ್ರೀಡೆಗೆ, ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000. ಯುವ ಮತ್ತು ಪರಿಸರ ಸಂಘಕ್ಕೂ ಒಂದು ಬಾಬ್ತಿದೆ. ಈ ಸಾಲಿನಲ್ಲಿ ಚಿತ್ರ, ಸಂಗೀತ, ನಾಟಕ, ನೃತ್ಯಕ್ಕೆ ಶಾಲಾವಾರು ಬಾಬ್ತು ಇಲ್ಲ. ಚೆಂಡು ಕೊಳ್ಳಲು ಹಣ ಬರುತ್ತದೆ, ಅದು ಬರಬೇಕಾದದ್ದೇ. ಬಣ್ಣದ ಪೆಟ್ಟಿಗೆ, ಹಾರ್ಮೋನಿಯಂ, ತಮಟೆ ಕೊಳ್ಳಬೇಕೆಂದರೆ ಸಂಯುಕ್ತ ಅನುದಾನದಿಂದ ಹಿಂಡಿ ತೆಗೆಯಬೇಕು. ಸೋರುವ ಸೂರಿನ ಜೊತೆ ಹಾರ್ಮೋನಿಯಂ ಪೈಪೋಟಿಗೆ ನಿಂತರೆ ಯಾವುದು ಗೆಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

2021ರಿಂದ ಇನ್ನೊಂದು ಬದಲಾವಣೆ ಆಗಿದೆ. ಹಣ ಶಾಲೆಯ ಖಾತೆಯಲ್ಲಿ ಕೂತಿರುವುದಿಲ್ಲ, ರಾಜ್ಯಮಟ್ಟದ ಒಂದೇ ಖಾತೆಯಿಂದ ಖರ್ಚಿನ ಮಿತಿ ಮಾತ್ರ ಶಾಲೆಗೆ ಸಿಗುತ್ತದೆ. ಲೆಕ್ಕ ಚೊಕ್ಕವಾಯಿತು, ಒಳ್ಳೆಯದೇ. ಆದರೆ ಮಿತಿ ತಡವಾಗಿ ಬಂದು ಮಾರ್ಚ್ ಎದುರಿಗಿದ್ದಾಗ ಮುಖ್ಯ ಶಿಕ್ಷಕರು ಬೇಗ ಬಿಲ್ಲು ಸಿಗುವ ಸಾಮಾನನ್ನೇ ಕೊಳ್ಳುತ್ತಾರೆ. ಮಂಟೇಸ್ವಾಮಿಯ ಪದ ಹಾಡುವ ನೀಲಗಾರರನ್ನು ಹತ್ತು ಶನಿವಾರ ಶಾಲೆಗೆ ಕರೆಸಿ, ಪ್ರತಿ ಸಲ ಇಷ್ಟು ಅಂತ ಗೌರವಧನ ಕೊಡುವುದಕ್ಕೆ ಜಿಎಸ್‌ಟಿ ಬಿಲ್ಲು ಎಲ್ಲಿಂದ ತರುವುದು?

ಹಣದ ಮಾತು ಹೀಗಾದರೆ ಮನುಷ್ಯರದ್ದು ಇನ್ನೂ ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿ. 6ರಿಂದ 8ನೇ ತರಗತಿಗಳಿಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದು ಅದು ಹೇಳುತ್ತದೆ, ಮಕ್ಕಳು 100ಕ್ಕಿಂತ ಹೆಚ್ಚಿದ್ದರೆ ಮಾತ್ರ. ಈ ಒಂದು ಸಂಖ್ಯೆ ನಮ್ಮ ತಾಲ್ಲೂಕುಗಳ ಬಹುಪಾಲು ಹಿರಿಯ ಪ್ರಾಥಮಿಕ ಶಾಲೆಗಳನ್ನು ಹೊರಗಿಟ್ಟಿದೆ. ಕಾಡಂಚಿನ ಊರಿನಲ್ಲಿ 6 ಮತ್ತು 7ನೇ ತರಗತಿಗೆ ಸೇರಿ ಮೂವತ್ತು ಮಕ್ಕಳಿದ್ದರೆ ಅದೇ ಹೆಚ್ಚು. ಹಳ್ಳಿ ಚಿಕ್ಕದಾದಷ್ಟೂ ಅಲ್ಲಿನ ಮಗುವಿಗೆ ಕಲೆಯ ಹಕ್ಕೂ ಚಿಕ್ಕದು ಎಂದಂತಾಯಿತು. ದೊಡ್ಡ ಊರಿನ ಮಗುವಿಗೆ ಸಂಗೀತದ ಪಾಠ ಶಾಲೆಯ ಹೊರಗೂ ದೊರೆಯುತ್ತದೆ. ಹಳ್ಳಿಯ ಮಗುವಿಗೆ ಶಾಲೆಯೇ ದಿಕ್ಕು, ಕೊರತೆ ಬಿದ್ದಿರುವುದೂ ಅಲ್ಲೇ.

ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಎಂಬುದೊಂದು ಇದೆ. ನಮ್ಮ ತಲೆಮಾರಿಗೆ ಡ್ರಾಯಿಂಗ್ ಮೇಷ್ಟ್ರು ಶಾಲೆಯ ಒಂದು ಗುರುತು. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವವರು, ಗಣರಾಜ್ಯೋತ್ಸವಕ್ಕೆ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಗಾಂಧಿ, ಅಂಬೇಡ್ಕರ್ ಬರೆಯುವವರು. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರುತ್ತಿಲ್ಲ ಎಂಬುದು ಈ ಶಿಕ್ಷಕರ ಹಳೆಯ ದೂರು. ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ತೆಗೆದುಕೊಂಡ ಪ್ರಯೋಗವೂ ನಮ್ಮ ರಾಜ್ಯದಲ್ಲಿ ನಡೆಯಿತು. ನೀನಾಸಂ, ರಂಗಾಯಣದಂಥ ಕಡೆ ಪಳಗಿದವರು ಹಳ್ಳಿ ಶಾಲೆಗೆ ಬಂದರೆ ಭಾಷೆಯ ಪಾಠವೇ ಬೇರೆ ಬಣ್ಣ ಪಡೆಯುತ್ತದೆ. ಆದರೆ ನೇಮಕವಾದವರು ಬೆರಳೆಣಿಕೆಯಷ್ಟು, ಪ್ರಯೋಗ ಪದ್ಧತಿಯಾಗಲಿಲ್ಲ.

ಹಾಗಾದರೆ ಕಲೆಯ ಹೆಸರಿನಲ್ಲಿ ಸರ್ಕಾರ ಖರ್ಚು ಮಾಡುತ್ತಲೇ ಇಲ್ಲವೇ? ಮಾಡುತ್ತದೆ, ಬಹುಪಾಲು ವೇದಿಕೆಗೆ. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿರುವ ಪ್ರತಿಭಾ ಕಾರಂಜಿ ನಮ್ಮ ಮಕ್ಕಳಿಗೆ ಗೊತ್ತಿರುವ ಏಕೈಕ ಕಲಾ ಹಬ್ಬ. ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು. ಜನಪದ ಗೀತೆ, ಭಾವಗೀತೆ, ಛದ್ಮವೇಷ, ಆಶುಭಾಷಣ, ಮಣ್ಣಿನ ಮಾದರಿ, ಕವ್ವಾಲಿ, ರಂಗೋಲಿ. ಕೇಂದ್ರದ ಕಲಾ ಉತ್ಸವ 2015ರಿಂದ ಪ್ರೌಢ ಹಂತದ ಮಕ್ಕಳಿಗಿದೆ. ಇವನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಾಡಿಯ ಹುಡುಗಿಯೊಬ್ಬಳು ಜೀವನದಲ್ಲಿ ಮೊದಲ ಬಾರಿ ಮೈಕಿನ ಮುಂದೆ ನಿಂತು ತನ್ನ ದನಿಯನ್ನು ತಾನೇ ಕೇಳಿ ಬೆರಗಾಗುವುದು ಇಲ್ಲೇ. ಕಾರಂಜಿಯ ಕ್ಲಸ್ಟರ್ ಹಂತ ಬರುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣದ ಬಯಲಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು ಉರಿಯುತ್ತಿರುತ್ತವೆ, ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ. ಅದರ ನಡುವೆಯೂ ಅಮ್ಮಂದಿರು ಸೀರೆ ಹುಡುಕಿ, ಕಾಗದದ ಕಿರೀಟ ಅಂಟಿಸಿ ಮಗುವನ್ನು ಕಳಿಸುತ್ತಾರೆ.

ಕೊರತೆ ಇರುವುದು ಆ ದಿನದ ಹಿಂದುಮುಂದಿನಲ್ಲಿ. ಹಿಂದಿನ ವಾರ ತರಾತುರಿಯಲ್ಲಿ ಒಂದು ಹಾಡು ಬಾಯಿಪಾಠ, ಮಾರನೆಯ ದಿನದಿಂದ ಮತ್ತೆ ಮೌನ. ಗೆದ್ದ ಮಗುವಿಗೆ ಪ್ರಮಾಣಪತ್ರ ಸಿಗುತ್ತದೆ, ಗುರು ಸಿಗುವುದಿಲ್ಲ. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಸಿಗುವ ಕೇರಳದಲ್ಲಿ ಶಾಲಾ ಕಲೋತ್ಸವ 1957ರಿಂದ ನಡೆದುಬಂದಿದೆ. ಅಲ್ಲಿ ಅದು ನಾಡಿನ ದೊಡ್ಡ ಸುದ್ದಿ. ಆದರೆ ಪೈಪೋಟಿ ಹೆಚ್ಚಿ ತಂದೆತಾಯಿಯರು ವೇಷಭೂಷಣಕ್ಕೂ ಖಾಸಗಿ ತರಬೇತಿಗೂ ಸಾಲಮಾಡುವ ಸ್ಥಿತಿ ಬಂದಿದೆ ಎಂಬ ಟೀಕೆ ಅಲ್ಲೂ ಇದೆ. ತರಗತಿಯೊಳಗೆ ಕಲಿಸದೆ ವೇದಿಕೆ ಮಾತ್ರ ಕಟ್ಟಿದರೆ ಹಣವಿದ್ದವರ ಮಗು ಮುಂದೆ ಹೋಗುತ್ತದೆ.

ಒಬ್ಬೊಬ್ಬ ಮಗುವಿಗೆ ನೇರವಾಗಿ ಬರುವ ನೆರವೂ ಇದೆ. 1979ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ, 10ರಿಂದ 14 ವರ್ಷದ ಮಕ್ಕಳಿಗೆ ಸಾಂಸ್ಕೃತಿಕ ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುವಿಗೆ ಕೊಡುವ ಶುಲ್ಕ. ಇಡೀ ದೇಶಕ್ಕೆ 650 ಮಕ್ಕಳು. ಪಾರಂಪರಿಕ ಕಲಾವಿದರ ಮನೆಯ ಮಕ್ಕಳಿಗೆ ಇದರಲ್ಲಿ ಮೀಸಲು ಉಂಟು. ನಮ್ಮ ಕಡೆಯ ತಂಬೂರಿ, ಕಂಸಾಳೆ ಮನೆಗಳ ಮಕ್ಕಳು ಇದಕ್ಕೆ ಅರ್ಹರು. ಅರ್ಜಿ ತುಂಬಿಸಿ ಕಳಿಸುವ ಮೇಷ್ಟ್ರೊಬ್ಬರು ಬೇಕು, ಅಷ್ಟೇ.

ಈಗ ಸರ್ಕಾರದ ಹೊರಗಿನ ಹಣಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಕಲಾ ಅನುದಾನದ ಮಾತು ಬಂದರೆ ನೀನಾಸಂ ನೆನಪಾಗಲೇಬೇಕು. 1983ರಿಂದ 85ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಅದು ನಡೆಸಿದ ‘ಜನಸ್ಪಂದನ’ ಹಳ್ಳಿಗಳಿಗೆ ರಂಗಶಿಬಿರಗಳನ್ನೂ ಒಳ್ಳೆಯ ಸಿನಿಮಾಗಳನ್ನೂ ಒಯ್ದಿತು. ಹಣ ನಿಂತ ಮೇಲೆ ನೀನಾಸಂ ಕೈಚೆಲ್ಲಲಿಲ್ಲ, 1985ರಲ್ಲೇ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಹೊರಟಿತು. ಅನುದಾನ ಎರಡು ವರ್ಷದ್ದು, ತಿರುಗಾಟ ಮುಂದಿನ ದಶಕಗಳದ್ದು. ಜನರನ್ನು ಪಳಗಿಸಿದ ಹಣಕ್ಕೆ ಈ ಗುಣ ಇರುತ್ತದೆ.

ಶಾಲೆಗೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1995ರಿಂದ ದೇಶದ ಕಲಾವಿದರಿಗೂ ಸಂಶೋಧಕರಿಗೂ ಅನುದಾನ ಕೊಡುತ್ತಿರುವ ಈ ಸಂಸ್ಥೆಯ ಕಲಾ ಶಿಕ್ಷಣ ಕಾರ್ಯಕ್ರಮದ ಹೆಸರು ‘ಕಲಿ–ಕಲಿಸು’. 2009ರಿಂದ ಇದು ಕರ್ನಾಟಕದ ಸರ್ಕಾರಿ ಶಾಲೆಗಳ ಕಡೆ ಗಮನವಿಟ್ಟಿದೆ. ಇದರಲ್ಲಿ ನನಗೆ ಹಿಡಿಸುವ ಸಂಗತಿ, ಸರ್ಕಾರಿ ಶಾಲೆಯ ಶಿಕ್ಷಕರೇ ಅರ್ಜಿ ಹಾಕಬಹುದು ಎನ್ನುವುದು. ಊರಿನ ಹಾಡು, ಕುಣಿತ, ಕಸುಬು, ಜಾತ್ರೆ, ಸ್ಥಳನಾಮಗಳನ್ನು ತರಗತಿಯ ಪಾಠದೊಂದಿಗೆ ಹೇಗೆ ಬೆಸೆಯುತ್ತೀರಿ ಎಂದು ಅದು ಕೇಳುತ್ತದೆ. ಯೋಜನೆ ಮಂಡಿಸಬೇಕಾದವರು ಶಿಕ್ಷಕರು, ಮಾಡಿ ತೋರಿಸಬೇಕಾದವರೂ ಅವರೇ. 1995ರಲ್ಲಿ ಕೋಟೆಯ ಶಿಕ್ಷಕರಿಗೆ ಸಿಕ್ಕ ಗೌರವವೂ ಇದೇ ಬಗೆಯದು. ಒಂದು ಸಂಸ್ಥೆ ವರ್ಷಕ್ಕೆ ಎಷ್ಟು ಶಾಲೆಗಳನ್ನು ಮುಟ್ಟೀತು? ಕೆಲವನ್ನು. ರಾಜ್ಯದ ಸಾವಿರಾರು ಶಾಲೆಗಳ ಹೊಣೆಯನ್ನು ಅದರ ಮೇಲೆ ಹೊರಿಸುವುದು ತಪ್ಪು. ಅದು ತೋರಿಸಿದ ಮಾದರಿಯನ್ನು ಸರ್ಕಾರ ಎತ್ತಿಕೊಳ್ಳದಿರುವುದು ಇನ್ನೂ ದೊಡ್ಡ ತಪ್ಪು.

ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆ ದೊಡ್ಡ ನಿರೀಕ್ಷೆಗಳಿವೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ವಿನಿಯೋಗಿಸಬೇಕು. 7ನೇ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಕಲೆ ಮತ್ತು ಸಂಸ್ಕೃತಿಯ ರಕ್ಷಣೆಯೂ ಇದೆ. ಆದರೆ ಕಂಪನಿ ತಾನಿರುವ ಸ್ಥಳದ ಆಸುಪಾಸಿಗೆ ಆದ್ಯತೆ ಕೊಡಬೇಕು ಎಂದೂ ಅದೇ ಕಲಮು ಹೇಳುತ್ತದೆ. ಕಾರ್ಖಾನೆಗಳಿರುವುದು ಮೈಸೂರು, ನಂಜನಗೂಡಿನ ಕಡೆ. ಕಬಿನಿ ಹಿನ್ನೀರಿನ ದಂಡೆಯ ಊರಿಗೆ ಆ ಹಣ ತಾನಾಗಿ ಹರಿಯುವುದಿಲ್ಲ. ಹರಿದು ಬಂದರೂ ಅದಕ್ಕೆ ಇಷ್ಟವಾಗುವುದು ಫೋಟೋದಲ್ಲಿ ಕಾಣುವ ಕೆಲಸ: ಶೌಚಾಲಯ, ಸ್ಮಾರ್ಟ್ ಬೋರ್ಡು, ಗೋಡೆಗೆ ರೈಲಿನ ಬಣ್ಣ. ಶೌಚಾಲಯ ಬೇಕೇ ಬೇಕು, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಗೋಡೆಯ ರೈಲನ್ನು ಮಾತ್ರ ಮಕ್ಕಳ ಕೈಯಲ್ಲೇ ಬರೆಸಬಹುದಿತ್ತು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಶಾಲೆಯಲ್ಲಿ ಚಿತ್ರ ಬಂತು, ಚಿತ್ರ ಬಿಡಿಸುವ ಮಗು ಬರಲಿಲ್ಲ.

ಕಲೆ ಕೊನೆಗೇ ಬರಬೇಕಿಲ್ಲ ಎಂಬುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ನೆಲೆಸಿರುವ ತಿಬೆಟನ್ನರನ್ನು ನೋಡಿ. ನಾಡನ್ನೇ ಕಳೆದುಕೊಂಡು ಬಂದ ಆ ಸಮುದಾಯ 1959ರಲ್ಲೇ, ಅಂದರೆ ದೇಶ ಬಿಟ್ಟ ವರ್ಷವೇ, ಹಾಡು, ಕುಣಿತ, ನಾಟಕಗಳಿಗಾಗಿ ಒಂದು ಸಂಸ್ಥೆ ಕಟ್ಟಿತು. ಇಂದು ಅದು ಧರ್ಮಶಾಲೆಯಲ್ಲಿದೆ. ಅಲ್ಲಿ ಪಳಗಿದವರು ತಿಬೆಟನ್ ಶಾಲೆಗಳಿಗೆ ಸಂಗೀತ, ನೃತ್ಯ ಶಿಕ್ಷಕರಾಗಿ ಹೋಗುತ್ತಾರೆ. ಹೊಟ್ಟೆಬಟ್ಟೆಯ ಚಿಂತೆ ತೀರಿದ ಮೇಲೆ ನೋಡೋಣ ಎಂದು ಅವರು ಕಲೆಯನ್ನು ಮುಂದಕ್ಕೆ ತಳ್ಳಲಿಲ್ಲ.

ಮೊದಲು ಸೂರು, ನೀರು, ಲೆಕ್ಕದ ಮೇಷ್ಟ್ರು, ಕಲೆ ಆಮೇಲೆ. ಈ ಮಾತು ಹೇಳುವವರು ಶಾಲೆಯ ಶತ್ರುಗಳಲ್ಲ. ಎಷ್ಟೋ ಸಲ ಅವರು ಶಾಲೆಯ ಸಮಿತಿಯಾದ ಎಸ್‌ಡಿಎಂಸಿಯಲ್ಲೇ ಕೂತಿರುವ ತಂದೆತಾಯಿಯರು. ಅವರಿಗೆ ನನ್ನ ಉತ್ತರ ನಲಿ–ಕಲಿಯೇ. ಅಲ್ಲಿ ಹಾಡು ಅಕ್ಷರಕ್ಕೆ ಅಡ್ಡ ಬರಲಿಲ್ಲ, ಹಾಡಿನ ಹೆಗಲೇರಿಯೇ ಅಕ್ಷರ ಬಂತು. ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳ ಮಟ್ಟಿಗೆ ಇದು ಇನ್ನೂ ನಿಜ. ಮನೆಯ ನುಡಿ ಒಂದು, ಪುಸ್ತಕದ ಕನ್ನಡ ಇನ್ನೊಂದು. ಆಶ್ರಮ ಶಾಲೆಗೆ ಬಂದ ಮಗು ಮೊದಲ ದಿನಗಳಲ್ಲಿ ಬಾಯಿ ಬಿಡದಿದ್ದರೆ ಅದನ್ನು ದಡ್ಡತನವೆಂದು ಬರೆದುಕೊಳ್ಳುವ ಅಪಾಯವಿದೆ. ಅದೇ ಮಗುವಿನ ಅಜ್ಜಿಯನ್ನು ಕರೆಸಿ ಹಾಡಿಸಿದರೆ ಯಾರ ಬಾಯಿ ಮೊದಲು ತೆರೆಯುತ್ತದೆ ನೋಡಿ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1988ರಲ್ಲಿ ಬ್ರಹ್ಮಗಿರಿ ಹಾಡಿಯಲ್ಲಿ ದನದ ಕೊಟ್ಟಿಗೆಯೊಂದರಲ್ಲಿ ಶುರುಮಾಡಿ, ಆಮೇಲೆ ಹೊಸಹಳ್ಳಿಯಲ್ಲಿ ಬೆಳೆಸಿದ ಗಿರಿಜನ ಶಾಲೆ ಈ ಸೀಮೆಯಲ್ಲೇ ಇದೆ. ಹಾಡಿಯ ಮಗುವಿಗೆ ತಕ್ಕ ಶಾಲೆಯನ್ನು ಕಟ್ಟಬಹುದು ಎಂಬುದಕ್ಕೆ ಸಾಕ್ಷಿಯಾಗಿ.

ಕಲಿಸಲು ಏನಿದೆ ಎಂದು ಕೇಳುವ ಹಾಗೆಯೂ ಇಲ್ಲ, ನಮ್ಮ ನೆಲ ಅಷ್ಟು ತುಂಬಿದೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕ ನಡೆಯುವುದು ಎಚ್.ಡಿ. ಕೋಟೆಯ ಕಾಡಿನಲ್ಲಿ. ಕಾಡುಕುರುಬರಿಗೂ ತೆರಿಗೆ ವಸೂಲಿಗೆ ಬಂದವರಿಗೂ ನಡೆವ ಘರ್ಷಣೆ ಅದರ ಎದೆ. 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು. ಆ ಕಾಡಿನ ಅಂಚಿನ ಪ್ರೌಢಶಾಲೆಗಳು ವರ್ಷಕ್ಕೊಂದು ಬಾರಿ ಈ ನಾಟಕವನ್ನು ಆಡಿದರೆ ಇತಿಹಾಸ, ಪೌರನೀತಿ, ಕನ್ನಡ ಮೂರೂ ಒಂದೇ ರಂಗದ ಮೇಲೆ ನಿಲ್ಲುತ್ತವೆ. ದೇವರಾಜ ಅರಸರ ಊರಾದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ 16ನೇ ಶತಮಾನದ ಆರಂಭದಲ್ಲಿ 3ನೇ ಮಂಗರಸನೆಂಬ ಕವಿಯ ಊರು. ಜೈನ ಕಥೆಗಳ ಜೊತೆ ಅವನು ಅಡುಗೆಯ ಬಗ್ಗೆ ‘ಸೂಪಶಾಸ್ತ್ರ’ ಎಂಬ ಪುಸ್ತಕವನ್ನೂ ಬರೆದ. ಬಿಸಿಯೂಟದ ಕೋಣೆಯಿಂದಲೇ ನಡುಗನ್ನಡದ ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಸಾಲಿಗ್ರಾಮದ ಕಡೆ ಚಿಕ್ಕಹನಸೋಗೆಯ ಬಸದಿ ಇದೆ, ಚುಂಚನಕಟ್ಟೆಯ ಜಾತ್ರೆ ಇದೆ. ಪಿರಿಯಾಪಟ್ಟಣದ ಕಾಳಗವನ್ನು ಹಾಡಾಗಿ ಹೇಳುವ ಪರಂಪರೆ ಇದೆ. 1968ರಲ್ಲಿ ಶುರುವಾದ, ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕೆ ನಮ್ಮ ಮಕ್ಕಳನ್ನು ಒಂದು ದಿನ ಕರೆದೊಯ್ದರೆ ಅಜ್ಜನ ಮನೆಯ ಅಟ್ಟದಲ್ಲಿರುವ ವಸ್ತುಗಳೇ ಅಲ್ಲಿ ಗಾಜಿನ ಹಿಂದೆ ಗೌರವದಿಂದ ಕೂತಿರುವುದನ್ನು ಅವರು ನೋಡುತ್ತಾರೆ. ಬೇಕಾಗಿರುವುದು ಬಸ್ ಚಾರ್ಜು.

ಮೇಲಿನಿಂದ ಬರುವ ಹಣವನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಈಚಿನ ಅನುಭವ ಕಣ್ಣ ಮುಂದಿದೆ. 1965ರಲ್ಲಿ ಒಂದೇ ಕಾಯ್ದೆಯ ಮೂಲಕ ಅಲ್ಲಿ ಕಲೆಗೊಂದು, ಮಾನವಿಕಗಳಿಗೊಂದು ರಾಷ್ಟ್ರೀಯ ದತ್ತಿ ಸಂಸ್ಥೆ ಹುಟ್ಟಿದವು. 2025ರ ಏಪ್ರಿಲ್–ಮೇನಲ್ಲಿ ಅವು ಮಂಜೂರು ಮಾಡಿದ್ದ ಅನುದಾನಗಳನ್ನೇ ರಾಶಿರಾಶಿಯಾಗಿ ರದ್ದು ಮಾಡಲಾಯಿತು. ಆರು ದಶಕದ ಸಂಸ್ಥೆಗಳೂ ಸರ್ಕಾರ ಬದಲಾದ ಕೂಡಲೇ ಅಲುಗಾಡಿದವು. ನಮ್ಮಲ್ಲೂ 2024–25ರಲ್ಲಿ ತಮಿಳುನಾಡಿಗೆ ಬರಬೇಕಿದ್ದ ಸಮಗ್ರ ಶಿಕ್ಷಣದ 2,152 ಕೋಟಿ ರೂಪಾಯಿ ಕೇಂದ್ರದ ಪಿಎಂಶ್ರೀ ಶಾಲಾ ಯೋಜನೆಯ ಒಪ್ಪಂದದ ವಿವಾದದಲ್ಲಿ ನಿಂತುಹೋಯಿತು. ಅಮೆರಿಕದ್ದೇ ಇನ್ನೊಂದು ಉದಾಹರಣೆ ಬೇರೆ ದಾರಿ ತೋರಿಸುತ್ತದೆ. ಕ್ಯಾಲಿಫೋರ್ನಿಯಾದ ಮತದಾರರು 2022ರಲ್ಲಿ 28ನೇ ಪ್ರಸ್ತಾವನೆಗೆ ಒಪ್ಪಿಗೆ ಕೊಟ್ಟು, ಶಾಲೆಗಳಿಗೆ ಖಾತರಿಯಾಗಿ ಸಿಗುವ ರಾಜ್ಯದ ಹಣದ ಶೇ 1ರಷ್ಟು ಮೊತ್ತ ಪ್ರತಿವರ್ಷ ಕಲೆ ಮತ್ತು ಸಂಗೀತಕ್ಕೆ ಹೆಚ್ಚುವರಿಯಾಗಿ ಬರುವಂತೆ ಕಾನೂನು ಮಾಡಿಕೊಂಡರು. 500 ಅಥವಾ ಹೆಚ್ಚು ಮಕ್ಕಳಿರುವ ಶಾಲಾ ಜಿಲ್ಲೆಗಳು ಆ ಹಣದ ಕನಿಷ್ಠ ಶೇ 80ನ್ನು ಕಲಿಸುವ ಜನರ ಮೇಲೇ ಖರ್ಚು ಮಾಡಬೇಕು. ಸಾಮಾನಿಗಿಂತ ಮನುಷ್ಯ ಮುಖ್ಯ ಎಂಬುದನ್ನು ಅವರು ಶೇಕಡಾವಾರು ಬರೆದಿಟ್ಟರು.

ನಮ್ಮ ನೀತಿಪತ್ರಗಳಲ್ಲಿ ಕಲೆಗೆ ಗೌರವ ಕಡಿಮೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಪಠ್ಯದ ಭಾಗವೆಂದಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ–ವಿಜ್ಞಾನಗಳ ನಡುವೆ ಗೋಡೆ ಬೇಡವೆಂದಿತು, 2023ರ ಚೌಕಟ್ಟು ಅದನ್ನು ಮತ್ತೆ ಹೇಳಿತು. ರಾಜ್ಯ ತನ್ನದೇ ನೀತಿಗಾಗಿ ನೇಮಿಸಿದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಬಾಬ್ತು ತೆರೆಯಬೇಕಾದ ಹೊತ್ತು ಇದೇ. ನಾನು ಕೇಳುವುದು ದೊಡ್ಡದನ್ನೇನಲ್ಲ. 100 ಮಕ್ಕಳ ಲೆಕ್ಕವನ್ನು ಶಾಲೆಗೆ ಹಾಕುವ ಬದಲು ಕ್ಲಸ್ಟರಿಗೆ ಹಾಕಲಿ. ಹತ್ತು ಹನ್ನೆರಡು ಸಣ್ಣ ಶಾಲೆಗಳ ಮಕ್ಕಳನ್ನು ಕೂಡಿಸಿದರೆ ನೂರು ದಾಟುತ್ತದೆ, ಒಬ್ಬ ಕಲಾ ಬೋಧಕರು ವಾರವಿಡೀ ಆ ಶಾಲೆಗಳನ್ನು ಸುತ್ತಬಹುದು. ಅತಿಥಿ ಶಿಕ್ಷಕರ ಸಾಲಿನಲ್ಲಿ ಊರಿನ ಕಲಾವಿದರಿಗೂ ಒಂದು ಜಾಗ ಇರಲಿ, ಅವರಿಗೆ ಪದವಿ ಕೇಳಬೇಡಿ. ಕ್ರೀಡೆಗೆ ಕೊಟ್ಟಷ್ಟೇ ಮೊತ್ತದ ಒಂದು ಬಾಬ್ತು ಕಲೆಗೂ ಇರಲಿ. ವರ್ಷಕ್ಕೆ ಕೆಲವು ದಿನ ಶಿಕ್ಷಕರು ಕೂತು ತಮ್ಮ ತಾಲ್ಲೂಕಿನ ಪಾಠ ತಾವೇ ಬರೆಯಲಿ. ಹೇಗೆ ಬರೆಯಬೇಕೆಂದು ಕೋಟೆಯ ಹಳೆಯ ಶಿಕ್ಷಕರನ್ನು ಕೇಳಿದರೆ ಹೇಳಿಕೊಡುತ್ತಾರೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮು ಶಾಲಾ ಅಭಿವೃದ್ಧಿ ಯೋಜನೆಯನ್ನು ಶಾಲೆಯ ಸಮಿತಿಯೇ ತಯಾರಿಸಬೇಕು ಎನ್ನುತ್ತದೆ. ಸರ್ಕಾರದ ಯೋಜನೆಗಳಿಗೂ ಅನುದಾನಕ್ಕೂ ಆ ಯೋಜನೆಯೇ ಆಧಾರವಾಗಬೇಕು ಎಂದೂ ಹೇಳುತ್ತದೆ. ಆದ್ದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಸರಗೂರು, ಸಾಲಿಗ್ರಾಮದ ಎಸ್‌ಡಿಎಂಸಿ ಸದಸ್ಯರಲ್ಲಿ ನನ್ನ ವಿನಂತಿ: ಮುಂದಿನ ಸಭೆಗೆ ಹೋದಾಗ ಕಾಂಪೌಂಡು, ಕೊಳವೆಬಾವಿ, ಬೆಂಚುಗಳ ಪಟ್ಟಿಯ ಜೊತೆ ಒಂದು ಸಾಲು ಸೇರಿಸಿ. ವಾರಕ್ಕೆ ಎರಡು ದಿನ ನಮ್ಮ ಮಕ್ಕಳಿಗೆ ಹಾಡು, ಚಿತ್ರ, ನಾಟಕ ಕಲಿಸುವವರೊಬ್ಬರು ಬೇಕು ಎಂದು ಬರೆಯಿಸಿ, ನಡಾವಳಿಗೆ ಸಹಿ ಹಾಕಿ, ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.